ಕೊನೇ ಮಾತು ಯಾರದು: ಸಂಸತ್ತಿನದೋ, ಕೋರ್ಟಿನದೋ?

ಪ್ರಶ್ನೆ: ಅಮೆರಿಕದಲ್ಲಿ ಸಂಸತ್ತು ಮಾಡಿದ ಕಾನೂನನ್ನು ಕೋರ್ಟು ರದ್ದು ಮಾಡಬಹುದು. ಬ್ರಿಟನ್ನಿನಲ್ಲಿ ಹಾಗೆ ಮಾಡಲು ಬರುವುದಿಲ್ಲವಂತೆ. ಎರಡೂ ಪ್ರಜಾಪ್ರಭುತ್ವಗಳೇ ಅಲ್ವಾ? ಯಾವುದು ಸರಿ?

ಉತ್ತರ: ಅಧ್ಯಕ್ಷರ ಆಡಳಿತವೋ ಪ್ರಧಾನಿಯ ಆಡಳಿತವೋ ಎಂದು ಹೋಲಿಸುವವರೇ ಜಾಸ್ತಿ. ನೀವು ಅದಕ್ಕಿಂತ ಮುಖ್ಯವಾದ ಎಳೆ ಹಿಡಿದಿದ್ದೀರಿ.

ಬ್ರಿಟನ್ನಿನಲ್ಲಿ ಕೊನೇ ಮಾತು ಸಂಸತ್ತಿನದು. 1998ರ ಮಾನವ ಹಕ್ಕುಗಳ ಕಾಯ್ದೆ ಬಂದ ಮೇಲೂ, ಸಂಸತ್ತಿನ ಕಾಯ್ದೆಯೊಂದು ಹಕ್ಕುಗಳಿಗೆ ಹೊಂದುವುದಿಲ್ಲ ಎಂದು ನ್ಯಾಯಾಧೀಶರು ಘೋಷಿಸಬಹುದು, ಅಷ್ಟೇ. ಕಾಯ್ದೆ ಜಾರಿಯಲ್ಲೇ ಇರುತ್ತದೆ. ತಿದ್ದುವುದೂ ಬಿಡುವುದೂ ಸಂಸತ್ತಿಗೆ ಸೇರಿದ್ದು. ಜನ ಆರಿಸಿದವರನ್ನು ಜನರೇ ವಿಚಾರಿಸಿಕೊಳ್ಳಲಿ ಎಂಬುದು ಅಲ್ಲಿನ ನಂಬಿಕೆ.

ಅಮೆರಿಕದಲ್ಲಿ ಸಂವಿಧಾನವೇ ಮೇಲು. ತಮಾಷೆ ನೋಡಿ, ಕಾನೂನು ರದ್ದು ಮಾಡುವ ಅಧಿಕಾರ ಕೋರ್ಟಿಗಿದೆ ಎಂದು ಆ ಸಂವಿಧಾನದಲ್ಲಿ ನೇರವಾಗಿ ಬರೆದೇ ಇಲ್ಲ. 1803ರ ಮಾರ್ಬರಿ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ತೀರ್ಪಿನಲ್ಲೇ ಅದನ್ನು ಸ್ಥಾಪಿಸಿದರು. ಹಾಗಂತ ಲಿಖಿತ ಸಂವಿಧಾನ ಇದ್ದಲ್ಲೆಲ್ಲ ಹೀಗೇ ಅಂದುಕೊಳ್ಳಬೇಡಿ. ನೆದರ್ಲೆಂಡ್ಸ್‌ನ ಸಂವಿಧಾನದ 120ನೇ ವಿಧಿ, ಸಂಸತ್ತಿನ ಕಾಯ್ದೆ ಸಂವಿಧಾನಕ್ಕೆ ಹೊಂದುತ್ತದೋ ಇಲ್ಲವೋ ಎಂದು ಕೋರ್ಟು ನೋಡುವುದನ್ನೇ ತಡೆಯುತ್ತದೆ.

ಜರ್ಮನಿಯ ಭಯ ಬೇರೆ. 1933ರಲ್ಲಿ ಬೆದರಿಕೆಯ ನಡುವೆ ಅಲ್ಲಿನ ಸಂಸತ್ತು ಮೂರನೇ ಎರಡು ಬಹುಮತದಿಂದಲೇ ಕಾನೂನು ಮಾಡುವ ಅಧಿಕಾರವನ್ನು ಹಿಟ್ಲರ್ ಸರ್ಕಾರದ ಕೈಗೆ ಕೊಟ್ಟಿತ್ತು. ಬಹುಮತವೇ ಪ್ರಜಾಪ್ರಭುತ್ವದ ಕತ್ತು ಹಿಸುಕಬಲ್ಲದು ಎಂದು ಗೊತ್ತಾದ ಮೇಲೆ, 1949ರ ಸಂವಿಧಾನದಲ್ಲಿ 79ನೇ ವಿಧಿ ಬಂತು. ಮಾನವ ಘನತೆ, ಒಕ್ಕೂಟ ವ್ಯವಸ್ಥೆಯಂಥ ಕೆಲವು ತತ್ವಗಳನ್ನು ತಿದ್ದುಪಡಿ ತಂದರೂ ಮುಟ್ಟುವಂತಿಲ್ಲ. ಭಾರತದಲ್ಲಿ ಇಂಥ ಗೆರೆಯನ್ನು ಬರೆದಿಟ್ಟಿರಲಿಲ್ಲ. 1973ರ ಕೇಶವಾನಂದ ಭಾರತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಎಳೆಯಿತು: ಸಂವಿಧಾನದ ಮೂಲ ಸ್ವರೂಪ ಕೆಡಿಸುವಂತಿಲ್ಲ. 13 ನ್ಯಾಯಮೂರ್ತಿಗಳಲ್ಲಿ 7 ಜನ ಆ ಕಡೆ, 6 ಜನ ಈ ಕಡೆ. ಒಬ್ಬರು ಮನಸ್ಸು ಬದಲಿಸಿದ್ದರೂ ಕತೆಯೇ ಬೇರೆ.

ಯಾವುದು ಸರಿ ಎಂದಿರಿ. ಮುಟ್ಟಬಾರದ್ದನ್ನು ಮೊದಲೇ ಬರೆದಿಡುವ ಜರ್ಮನಿಯ ದಾರಿಯ ಕಡೆ ನನ್ನ ಒಲವು. ಆದರೆ ಆರಿಸಿ ಬಾರದ ನ್ಯಾಯಾಧೀಶರಿಗೆ ಇಷ್ಟು ಅಧಿಕಾರ ಯಾಕೆ ಎಂಬ ಆಕ್ಷೇಪವೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಕೆನಡಾ 1982ರಲ್ಲಿ ಇದಕ್ಕೊಂದು ರಾಜಿ ಹುಡುಕಿತು. ಹಕ್ಕುಗಳ ಸನ್ನದಿನ 33ನೇ ಸೆಕ್ಷನ್ ಬಳಸಿ ಶಾಸನಸಭೆ ಕೆಲವು ಹಕ್ಕುಗಳನ್ನು ಬದಿಗಿಟ್ಟು ಕಾನೂನು ಮಾಡಬಹುದು. ಆ ವಿನಾಯಿತಿ 5 ವರ್ಷಕ್ಕೆ ಮುಗಿಯುತ್ತದೆ, ಬೇಕೆಂದರೆ ಮತ್ತೆ ಮಂಡಿಸಬೇಕು. ಅಷ್ಟರಲ್ಲಿ ಒಂದು ಚುನಾವಣೆ ಬಂದೇ ಬರುತ್ತದೆ. ಮತದಾನದ ಹಕ್ಕಿನಂಥ ಕೆಲವನ್ನು ಹೀಗೆ ಬದಿಗಿಡಲು ಬರುವುದಿಲ್ಲ.