ಸ್ಟ್ಯಾಟಿಕ್ ಬಿಲ್ಡ್‌ನಲ್ಲಿ ಮಾತ್ರ ಕ್ರ್ಯಾಶ್ ಆಗುತ್ತಿದೆ. ಥ್ರೆಡ್‌ಗಳನ್ನು ನಡೆಸುವ ಪಿಥ್ರೆಡ್ ಲೈಬ್ರರಿಯಲ್ಲೇ ಬಗ್ ಇದೆಯಾ?

ಉಬುಂಟು 20.04ರಲ್ಲಿ ಬಿಲ್ಡ್ ಮಾಡಿದ ನಿಮ್ಮ ಸಿ ಪ್ಲಸ್ ಪ್ಲಸ್ ಟೆಸ್ಟ್ ಪ್ರೋಗ್ರಾಮ್ ಮಾಮೂಲಾಗಿ ಲಿಂಕ್ ಮಾಡಿದರೆ ಓಡುತ್ತದೆ, ಸ್ಟ್ಯಾಟಿಕ್ ಮಾಡಿದರೆ (ಅಂದರೆ ಲೈಬ್ರರಿಗಳನ್ನೂ ಬೈನರಿಯೊಳಗೇ ಸೇರಿಸಿದರೆ) ಸೆಗ್ಮೆಂಟೇಶನ್ ಫಾಲ್ಟ್ ಆಗಿ ಬೀಳುತ್ತದೆ, ಡಿಬಗರ್ ಆದ ಜಿಡಿಬಿಯಲ್ಲಿ ಮೊದಲ ಫ್ರೇಮ್ (ಬಿದ್ದ ಜಾಗದ ವಿಳಾಸ) ಬರೀ ಸೊನ್ನೆ. ಇಷ್ಟೇ ಅಲ್ವಾ ನಿಮ್ಮ ಪ್ರಶ್ನೆ? ನನ್ನ ಅಂದಾಜಿನಲ್ಲಿ ಬಗ್ ಲೈಬ್ರರಿಯಲ್ಲಿಲ್ಲ, ನಿಮ್ಮ ಕೋಡ್‌ನಲ್ಲೂ ಇಲ್ಲ. ಲಿಂಕ್ ಮಾಡಿದ ರೀತಿಯಲ್ಲಿದೆ.

ಇದೇ ಗುಂಡಿಗೆ ನಾನೂ ಬಿದ್ದಿದ್ದೆ. ಟೆಸ್ಟ್ ಬೋರ್ಡ್‌ನಲ್ಲಿ ಲೈಬ್ರರಿ ವರ್ಷನ್‌ಗಳ ಕಿರಿಕಿರಿ ಬೇಡ ಅಂತ ಎಲ್ಲವನ್ನೂ ಸ್ಟ್ಯಾಟಿಕ್ ಮಾಡಿದ್ದೆವು. ಕ್ರ್ಯಾಶ್ ಬಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: ರೇಸ್ ಕಂಡಿಷನ್, ಅಂದರೆ ಥ್ರೆಡ್‌ಗಳು ಒಂದೇ ಡೇಟಾಗೆ ಪೈಪೋಟಿ ಮಾಡಿ ಆಗುವ ತಪ್ಪು. ಅದನ್ನು ಹಿಡಿಯುವ ಥ್ರೆಡ್ ಸ್ಯಾನಿಟೈಸರ್ ಹಾಕಿದೆವು. ಅದು ಸ್ಟ್ಯಾಟಿಕ್ ಲಿಂಕಿಂಗ್ ಜೊತೆ ಕೆಲಸ ಮಾಡುವುದಿಲ್ಲ, ಹಾಗಾಗಿ ಸ್ಟ್ಯಾಟಿಕ್ ಆಯ್ಕೆ ತೆಗೆದೆವು. ಕ್ರ್ಯಾಶ್ ಮಾಯ! ‘ನೋಡಿದ್ರಾ, ಟೈಮಿಂಗ್ ಬದಲಾದ ತಕ್ಷಣ ಹೋಯ್ತು, ರೇಸೇ ಇದು’ ಅಂತ ಎರಡು ದಿನ ಲಾಕ್‌ಗಳನ್ನು ಎಣಿಸುತ್ತಾ ಕೂತೆವು. ಸುಮ್ನೆ ವ್ಯರ್ಥ. ಸ್ಟ್ಯಾಟಿಕ್ ಬಿಲ್ಡ್ ಇಪ್ಪತ್ತು ಸಲ ಓಡಿಸಿದರೂ ಒಂದೇ ಜಾಗದಲ್ಲಿ ಬೀಳುತ್ತಿತ್ತು. ರೇಸ್ ಅಷ್ಟು ಶಿಸ್ತಾಗಿರುವುದು ಕಡಿಮೆ ಅಂತ ಆಗಲೇ ಹೊಳೆಯಬೇಕಿತ್ತು.

ಮೊದಲು ಪ್ರೋಗ್ರಾಮ್ ಕೌಂಟರ್ (ಓಡುತ್ತಿರುವ ಸೂಚನೆಯ ವಿಳಾಸ ಇಡುವ ರಿಜಿಸ್ಟರ್) ನೋಡಿ. ಅದೇ ಸೊನ್ನೆ ಆಗಿದ್ದರೆ, ಕೆಟ್ಟ ಪಾಯಿಂಟರ್‌ನಿಂದ ಡೇಟಾ ಓದಿದ್ದಲ್ಲ, ಇಲ್ಲದ ಫಂಕ್ಷನ್‌ಗೆ ಜಿಗಿದಿದ್ದು. ಬ್ಯಾಕ್‌ಟ್ರೇಸ್ (ಯಾರು ಯಾರನ್ನು ಕರೆದರು ಅನ್ನುವ ಸರಣಿ) ಅಲ್ಲಿಗೇ ನಿಂತರೆ, 64 ಬಿಟ್ ಇಂಟೆಲ್ ಯಂತ್ರದಲ್ಲಿ ಸ್ಟ್ಯಾಕ್ ತುದಿಯ 8 ಬೈಟ್ ಓದಿ. ಕರೆದವರ ವಿಳಾಸ ಅಲ್ಲೇ ಇರುತ್ತದೆ. ಆರ್ಮ್ ಆದರೆ ಲಿಂಕ್ ರಿಜಿಸ್ಟರ್. ನಮ್ಮಲ್ಲಿ ಅದು ಕಂಡಿಷನ್ ವೇರಿಯಬಲ್‌ನ ‘ನೋಟಿಫೈ ಆಲ್’ ಆಗಿತ್ತು.

ಆಮೇಲೆ ಬೈನರಿ ಮೇಲೆ ಎನ್‌ಎಂ (ಸಿಂಬಲ್‌ಗಳನ್ನು, ಅಂದರೆ ಫಂಕ್ಷನ್ ಮುಂತಾದವುಗಳ ಹೆಸರುಗಳನ್ನು, ಪಟ್ಟಿ ಮಾಡುವ ಟೂಲ್) ಓಡಿಸಿ, ಪಿಥ್ರೆಡ್ ಹೆಸರುಗಳನ್ನು ಹುಡುಕಿ. ಪಕ್ಕದಲ್ಲಿ ವಿಳಾಸ ಇಲ್ಲದೆ ಸಣ್ಣ ಡಬ್ಲ್ಯೂ ಕಂಡರೆ ಕಳ್ಳ ಸಿಕ್ಕ ಹಾಗೆ. ಅದು ವೀಕ್ ಸಿಂಬಲ್, ಸಿಗದೇ ಸೊನ್ನೆಯಾಗಿ ಉಳಿದದ್ದು.

ಯಾಕೆ ಹೀಗೆ? ಮಾಮೂಲಿ ರೆಫರೆನ್ಸ್ ಅಂದರೆ ಮದುವೆಗೆ ಮನೆಗೇ ಹೋಗಿ ಅಕ್ಷತೆ ಕೊಟ್ಟು ಕರೆದಂತೆ. ಲಿಂಕರ್ ಆರ್ಕೈವ್ (ಆಬ್ಜೆಕ್ಟ್ ಫೈಲ್‌ಗಳನ್ನು ಒಟ್ಟಿಗೆ ಕಟ್ಟಿದ ಸ್ಟ್ಯಾಟಿಕ್ ಲೈಬ್ರರಿ) ಒಳಗೆ ಹುಡುಕಿ ಆ ಆಬ್ಜೆಕ್ಟ್ ಫೈಲನ್ನು ತರುತ್ತದೆ. ವೀಕ್ ರೆಫರೆನ್ಸ್ ಅಂದರೆ ದಾರಿಯಲ್ಲಿ ಸಿಕ್ಕಾಗ ‘ಆದ್ರೆ ಬನ್ನಿ’ ಅಂದಂತೆ. ಅದಕ್ಕಾಗಿ ಆರ್ಕೈವ್ ತೆರೆಯುವುದೇ ಇಲ್ಲ. ಥ್ರೆಡ್ ಬಳಸದ ಪ್ರೋಗ್ರಾಮ್‌ಗೆ ಲಾಕ್ ಖರ್ಚು ಬೇಡ ಅಂತ ಗ್ನೂ ಸಿ ಪ್ಲಸ್ ಪ್ಲಸ್ ಲೈಬ್ರರಿ ಪಿಥ್ರೆಡ್ ಫಂಕ್ಷನ್‌ಗಳನ್ನು ಹೀಗೆ ವೀಕ್ ಆಗಿ ಕರೆಯುತ್ತಿತ್ತು. ಥ್ರೆಡ್ ಇದೆಯೋ ಇಲ್ಲವೋ ಅಂತ ತಿಳಿಯಲು ಒಂದೇ ಒಂದು ಸಿಂಬಲ್ ನೋಡುತ್ತದೆ. ಒಬ್ಬನ ಮುಖ ಕಂಡರೆ ಇಡೀ ಮನೆಯವರಿಗೆ ಎಲೆ ಹಾಕಿಬಿಡುತ್ತದೆ! ಉಳಿದವರು ಬಂದಿರುವುದಿಲ್ಲ. ಸೊನ್ನೆಗೆ ಜಿಗಿಯುತ್ತದೆ. ಡೈನಾಮಿಕ್ ಲೈಬ್ರರಿಯಲ್ಲಿ ಎಲ್ಲರೂ ಒಟ್ಟಿಗೇ ಬರುವುದರಿಂದ ಈ ತೊಂದರೆ ಕಾಣುವುದಿಲ್ಲ.

ಪರಿಹಾರ ಒಂದು ಸಾಲಿನದು. ಲಿಂಕ್ ಮಾಡುವಾಗ ಲಿಬ್‌ಪಿಥ್ರೆಡ್‌ಗೆ ಮೊದಲು ಆರ್ಕೈವನ್ನು ಪೂರ್ತಿ ತರಿಸುವ ‘ಹೋಲ್ ಆರ್ಕೈವ್’, ಆದಮೇಲೆ ‘ನೋ ಹೋಲ್ ಆರ್ಕೈವ್’ ಆಯ್ಕೆ ಕೊಡಿ. ಎರಡನೆಯದನ್ನು ಮರೆಯಬೇಡಿ. ಮರೆತರೆ ಅದರ ನಂತರ ಬರುವ ಲೈಬ್ರರಿಗಳೂ ಪೂರ್ತಿ ಒಳಗೆ ಬಂದು ‘ಮಲ್ಟಿಪಲ್ ಡೆಫಿನಿಷನ್’ ಎರರ್ ಸುರಿಯುತ್ತವೆ. ಬರೀ ‘ಪಿಥ್ರೆಡ್’ ಆಯ್ಕೆ ಸಾಲದು. ನಾನು ಅದನ್ನು ಎರಡೆರಡು ಸಲ ಬರೆದೂ ನೋಡಿದ್ದೇನೆ.

ಟೂಲ್‌ಚೈನ್ (ಕಂಪೈಲರ್, ಲಿಂಕರ್, ಲೈಬ್ರರಿಗಳ ಗುಂಪು) ಬದಲಿಸಲು ಆಗುತ್ತದೆ ಅಂದರೆ ಇನ್ನೂ ಒಳ್ಳೆಯದು. ನಿಮ್ಮ 20.04ರಲ್ಲಿರುವುದು ಜಿಲಿಬ್‌ಸಿ (ಗ್ನೂ ಸಿ ಲೈಬ್ರರಿ) 2.31. 2021ರ ಆಗಸ್ಟ್‌ನಲ್ಲಿ ಬಂದ 2.34ರಲ್ಲಿ ಪಿಥ್ರೆಡ್ ಮುಖ್ಯ ಸಿ ಲೈಬ್ರರಿಯೊಳಗೇ ಸೇರಿತು. ಅದಕ್ಕೆ ತಕ್ಕಂತೆ ಬಿಲ್ಡ್ ಆದ ಜಿಸಿಸಿ ಕಂಪೈಲರ್ ವೀಕ್ ಕರೆಗಳನ್ನೂ ಕೈಬಿಟ್ಟಿದೆ. ಆದರೆ ಹಳೆಯ ಕಂಪೈಲರ್‌ನಲ್ಲಿ ಮಾಡಿಟ್ಟ ಆರ್ಕೈವ್‌ಗಳನ್ನು ಅದರ ಜೊತೆ ಬೆರೆಸಬೇಡಿ, ಹಳೇ ಭೂತ ಮತ್ತೆ ಬರಬಹುದು.

‘ಮಸ್ಲ್‌ಗೆ ಹೋಗಿಬಿಡಲಾ?’ ಅಂತಲೂ ಕೇಳಿದ್ದೀರಿ. ಅದು ಜಿಲಿಬ್‌ಸಿ ಬದಲು ಬಳಸುವ ಇನ್ನೊಂದು ಸಿ ಲೈಬ್ರರಿ. ಹೋಗಬಹುದು. ಆದರೆ ಜಿಲಿಬ್‌ಸಿಯಲ್ಲಿ ಥ್ರೆಡ್‌ಗೆ ಸಾಮಾನ್ಯವಾಗಿ 8 ಎಂಬಿ ಸ್ಟ್ಯಾಕ್ ಸಿಗುತ್ತದೆ, ಮಸ್ಲ್‌ನಲ್ಲಿ ಡಿಫಾಲ್ಟ್ 128 ಕೆಬಿ ಅಷ್ಟೇ. ಫಂಕ್ಷನ್ ಒಳಗೆ ದೊಡ್ಡ ಅರ್ರೇ ಇದ್ದರೆ ಬೇರೆಯದೇ ಕ್ರ್ಯಾಶ್ ಶುರುವಾಗುತ್ತದೆ. ಥ್ರೆಡ್ ಹುಟ್ಟಿಸುವಾಗಲೇ ಸ್ಟ್ಯಾಕ್ ಸೈಜ್ ಹೇಳಿಬಿಡಿ.

ಎನ್‌ಎಂನಲ್ಲಿ ಡಬ್ಲ್ಯೂ ಕಾಣದೇ ಹೋದರೆ ರಿಜಿಸ್ಟರ್‌ಗಳನ್ನೂ ಲಿಂಕ್ ಮಾಡಿದ ಪೂರ್ತಿ ಸಾಲನ್ನೂ ಇಲ್ಲಿ ಹಾಕಿ, ನೋಡೋಣ.