ಕೀಲಿಕೈ ಯಾರ ಕಡೆ ಇರುತ್ತದೆ?

ನಮಸ್ಕಾರ. ಬಾದಾಮಿ ಕಡೆಯ ನಿಮ್ಮೂರಿನ ಇತಿಹಾಸ ಬಳಗದ ಬಗ್ಗೆ ನೀವು ಕಳಿಸಿದ 'ಎಲೆಮರೆಯ ಕಾಯಿಗಳು' ಲೇಖನ ಓದಿದೆ. ಭಾಷೆ ಶುದ್ಧವಾಗಿದೆ, ಕಾಗುಣಿತದ ತಪ್ಪಿಲ್ಲ, ವಿಷಯವೂ ಒಳ್ಳೆಯದು. ಹೊಗಳಿಕೆ ಇಷ್ಟೇ. ಲೇಖನವನ್ನು ನಮ್ಮ ಪತ್ರಿಕೆಯಲ್ಲಿ ಹೀಗೇ ಹಾಕಲು ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಸಾಲು: "ಸಾವಿರಾರು ವರ್ಷಗಳ ಭವ್ಯ ಇತಿಹಾಸವುಳ್ಳ ನಮ್ಮೂರು ಚಾಲುಕ್ಯರ ಕಾಲದ ಅಮೂಲ್ಯ ವೀರಗಲ್ಲುಗಳ ತವರು." ಯಾವ ಚಾಲುಕ್ಯರು? ಬಾದಾಮಿಯವರೋ, ಕಲ್ಯಾಣದವರೋ? ನಡುವೆ ರಾಷ್ಟ್ರಕೂಟರು ಇನ್ನೂರು ವರ್ಷಕ್ಕೂ ಜಾಸ್ತಿ ಆಳಿ ಹೋಗಿದ್ದಾರೆ, ಪಾಪ, ಅವರ ಸುದ್ದಿಯೇ ಇಲ್ಲ.

ಮೂರನೇ ಸಾಲು: "ಕ್ರಿ.ಶ. 465ರಲ್ಲಿ ಒಂದನೇ ಪುಲಕೇಶಿ ಬಾದಾಮಿ ಕೋಟೆ ಕಟ್ಟಿಸಿದನು." ಬಾದಾಮಿಯ ಬಂಡೆಯ ಮೇಲೆ ಕೆತ್ತಿದ ಅವನ ಶಾಸನದಲ್ಲಿರುವ 465 ಶಕ ವರ್ಷ, ಕ್ರಿ.ಶ. ಅಲ್ಲ. 78 ಕೂಡಿಸಿ, 543 ಆಗುತ್ತದೆ. ಅದೇ ಪುಟದ ಕೆಳಗೆ ಇಮ್ಮಡಿ ಪುಲಕೇಶಿಯ ಐಹೊಳೆ ಶಾಸನಕ್ಕೆ ಮಾತ್ರ 634 ಅಂತ ಸರಿಯಾಗಿಯೇ ಬರೆದಿದ್ದೀರಿ. ಅಂದರೆ ನಿಮ್ಮ ಲೆಕ್ಕದಲ್ಲಿ ಅಜ್ಜನ ಶಾಸನಕ್ಕೂ ಮೊಮ್ಮಗನ ಶಾಸನಕ್ಕೂ ನಡುವೆ 169 ವರ್ಷ! ಬಳಗದ ಯಾರಿಗಾದರೂ ಒಮ್ಮೆ ತೋರಿಸಿದ್ದರೆ ಅಲ್ಲೇ ಹಿಡಿಯುತ್ತಿದ್ದರು.

ಇದನ್ನು ನಾನೇ ತಿದ್ದಿಕೊಳ್ಳಬಹುದಿತ್ತು. ನನಗೆ ನಿಜವಾಗಿ ಸಿಟ್ಟು ಬಂದದ್ದು ಎರಡನೇ ಪುಟದಲ್ಲಿ. "ಸ್ವಯಂಸೇವಕರು ಹಗಲಿರುಳೆನ್ನದೆ ನಿಸ್ವಾರ್ಥವಾಗಿ ಶ್ರಮಿಸುತ್ತಿದ್ದಾರೆ." ಸುಮ್ನೆ ಏನಾದರೂ ಬರೆಯಬೇಡಿ. ಹಗಲಿರುಳು ಯಾರೂ ಶ್ರಮಿಸುವುದಿಲ್ಲ. ಒಬ್ಬರಿಗೆ ಶಾಲೆ, ಒಬ್ಬರಿಗೆ ಅಂಗಡಿ, ಒಬ್ಬರಿಗೆ ಹೊಲ. ಭಾನುವಾರ ಸಿಗುತ್ತಾರೆ, ಅದೂ ಜೋಳದ ಸುಗ್ಗಿ ಮುಗಿದಿದ್ದರೆ. ಹಾಗಿದ್ದೂ ಬಳಗ ಹೇಗೆ ನಡೆಯುತ್ತಿದೆ? ಕೋಣೆಯ ಕೀಲಿಕೈ ಯಾರ ಕಡೆ ಇರುತ್ತದೆ? ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ? ಯಾರೋ ಹಳೇ ತಾಮ್ರದ ನಾಣ್ಯ ತಂದು ಕೊಟ್ಟರೆ ವಹಿಯಲ್ಲಿ ಬರೆದುಕೊಳ್ಳುವವರು ಯಾರು? ಇದೊಂದೂ ಲೇಖನದಲ್ಲಿ ಇಲ್ಲ.

ಮುಂದಿನ ಸಾಲು: "ಶಾಸನಗಳ ಪಡಿಯಚ್ಚು ತೆಗೆಯಲಾಗುತ್ತದೆ." ತೆಗೆಯುವವರು ಯಾರು, ಹೆಸರಿಲ್ಲವೇ? ನೀವು ಹತ್ತಿರ ನಿಂತು ನೋಡಿದ್ದೀರಾ? ಕಲ್ಲನ್ನು ನೀರು ಹಾಕಿ ಬ್ರಷ್‌ನಿಂದ ಉಜ್ಜಬೇಕು. ಕಾಗದ ನೆನೆಸಿ ಕಲ್ಲಿಗೆ ಅಂಟಿಸಿ, ಅಕ್ಷರದ ಗುಂಡಿಯೊಳಗೆ ಇಳಿಯುವವರೆಗೆ ಬ್ರಷ್‌ನಿಂದ ಬಡಿಯಬೇಕು. ಆಮೇಲೆ ಮಸಿ ಒತ್ತಬೇಕು. ಸುತ್ತಲೂ ಕಪ್ಪಾಗಿ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಹಸಿ ಇದ್ದಾಗಲೇ ಎಳೆದರೆ ಕಾಗದ ಹರಿಯಿತು, ಗಾಳಿ ಬೀಸಿದರೆ ಮಾಡಿದ್ದೆಲ್ಲ ಹೋಯಿತು. ಇಷ್ಟು ಕೆಲಸವನ್ನು ಮೂರು ಪದದಲ್ಲಿ ಮುಗಿಸಿ, ಮುಂದೆ ಅರ್ಧ ಪುಟ ಅಧ್ಯಕ್ಷರ ಗುಣಗಾನ ಮಾಡಿದ್ದೀರಿ.

ನಡುವೆ ಫ.ಗು. ಹಳಕಟ್ಟಿಯವರನ್ನು ಬೇರೆ ಎಳೆದು ತಂದಿದ್ದೀರಿ, "ಅವರ ಆದರ್ಶದಲ್ಲಿ ಸಾಗುತ್ತಿದೆ" ಅಂತ. ಅವರು ವಿಜಯಪುರದಲ್ಲಿ ವಕೀಲರಾಗಿದ್ದುಕೊಂಡು ಮನೆಮನೆಯಿಂದ ವಚನಗಳ ತಾಡೋಲೆ ಕೂಡಿಸಿದವರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು, ಮರುವರ್ಷ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಅವರನ್ನು ನೆನೆಯುವುದಾದರೆ ಈ ಕೆಲಸಗಳಿಂದ ನೆನೆಯಿರಿ.

ನಾನು ಕೆಲಸ ಕಲಿತದ್ದೂ ಅದೇ ಊರಿನ ಒಂದು ಸಣ್ಣ ಛಾಪಖಾನೆಯಲ್ಲಿ. ಪ್ರೂಫ್ ನೋಡುವುದು, ಚಾ ತರುವುದು, ಎರಡೂ ನನ್ನದೇ. ಆಗ ಒಂದೊಂದೇ ಅಕ್ಷರದ ಅಚ್ಚುಮೊಳೆ ಜೋಡಿಸುವ ಕಾಲ. ಮದುವೆ ಸೀಜನ್ನಿನಲ್ಲಿ ಲಗ್ನಪತ್ರಿಕೆಗೆಲ್ಲ ಮೊಳೆ ಹೋಗಿ, ಪತ್ರಿಕೆಯ ಪುಟಕ್ಕೆ ಯ ಒತ್ತು ಸಾಲುತ್ತಿರಲಿಲ್ಲ. ಹಿರಿಯ ಕಂಪೋಜಿಟರ್ ಅಲ್ಲಿಂದಲೇ ಕೂಗುತ್ತಿದ್ದರು: "ಏ ತಮ್ಮಾ, ಒಂದು 'ಅತ್ಯಂತ', ಎರಡು 'ಅತ್ಯಮೂಲ್ಯ' ತೆಗಿ. ಒತ್ತಿಲ್ಲ." ನಾನು ತೆಗೆಯುತ್ತಿದ್ದೆ. ಅಚ್ಚಾಗಿ ಬಂದ ಮೇಲೆ ಬರೆದವರು ಯಾರೂ ಬಂದು ಕೇಳಿದ್ದು ನೆನಪಿಲ್ಲ! ಈಗ ಕಂಪ್ಯೂಟರ್‌ನಲ್ಲಿ ಒತ್ತಿಗೆ ಬರ ಇಲ್ಲ, ಅದೇ ತೊಂದರೆ.

ಇಷ್ಟೆಲ್ಲ ಬರೆದು ಕಳಿಸುತ್ತಿರುವುದು ನಿಮ್ಮ ಕೊನೇ ಪುಟದ ಒಂದು ಸಾಲಿಗಾಗಿ. "ಕಳೆದ ಮಳೆಗಾಲದಲ್ಲಿ ಚರಂಡಿಗೆ ಅಡ್ಡ ಹಾಸಿದ್ದ ವೀರಗಲ್ಲನ್ನು ಟ್ರ್ಯಾಕ್ಟರಿನಲ್ಲಿ ತಂದು ನಿಲ್ಲಿಸಲಾಯಿತು." ಮತ್ತೆ "ಲಾಯಿತು", ಇರಲಿ. ಯಾರ ಟ್ರ್ಯಾಕ್ಟರ್? ಎಷ್ಟು ಜನ ಹಗ್ಗ ಹಿಡಿದರು? ಕೆತ್ತನೆ ಮೇಲಿತ್ತಾ ಕೆಳಗಿತ್ತಾ? ಮೂಲ ಜಾಗ ಎಲ್ಲಿ ಅಂತ ಹಿರಿಯರನ್ನು ಕೇಳಿ ಬರೆದಿಟ್ಟರಾ? 'ನಿಧಿ ಏನಾದರೂ ಸಿಕ್ಕಿತಾ' ಅಂತ ಕೇಳಿದವರಿಗೆ ಏನು ಹೇಳಿದರು? ಸಂರಕ್ಷಿತ ಸ್ಮಾರಕದ ಕಲ್ಲಾದರೆ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಅದನ್ನು ವಿಚಾರಿಸಿದರಾ?

ಲೇಖನ ಅಲ್ಲಿಂದ ಶುರು ಮಾಡಿ. ಟ್ರ್ಯಾಕ್ಟರ್ ಹೊಡೆದವರನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಹಾಕಿ. ಚಾಲುಕ್ಯರು ಆಮೇಲೆ ಬರಲಿ. ಜೊತೆಗೆ ಅಧ್ಯಕ್ಷರು ಶಾಲು ಹೊದ್ದ ಫೋಟೋ ಬೇಡ. ವಹಿಯ ಒಂದು ಪುಟದ ಫೋಟೋ ಕಳಿಸಿ, ಅಕ್ಷರ ಓದಲು ಬರುವಂತಿರಲಿ.