ಬೇರು ಗುಹ್ಯೇಶ್ವರಿಯಲ್ಲಿ, ಹೂವು ಸ್ವಯಂಭುವಿನಲ್ಲಿ

ತರೀಕೆರೆಯ ನಿವೃತ್ತ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ಕಳೆದ ವರ್ಷ ನಾನು, ನಮ್ಮ ಮನೆಯವರು ಪ್ಯಾಕೇಜ್ ಟೂರ್‌ನಲ್ಲಿ ಕಠ್ಮಂಡುಗೆ ಹೋಗಿದ್ದೆವು. ಒಂದೇ ದಿನದಲ್ಲಿ ಆರು ಜಾಗ ತೋರಿಸಿದರು. ಬಸ್ ಹತ್ತು, ಇಳಿ, ಗೈಡ್ ಹಿಂದೆ ಓಡು, ಫೋಟೊ ತೆಗಿ, ಮತ್ತೆ ಹತ್ತು. ಪಶುಪತಿನಾಥನ ಹತ್ತಿರ ಸಿಕ್ಕಿದ್ದು ನಲವತ್ತೇ ನಿಮಿಷ. ಉಳಿದ ಹೊತ್ತೆಲ್ಲ ಸ್ತೂಪ, ವಿಹಾರ. 'ಶಿವನನ್ನು ನೋಡೋಕೆ ಹೋಗಿ ಬುದ್ಧನನ್ನು ನೋಡಿಕೊಂಡು ಬಂದೆವು' ಅಂತ ನಮ್ಮ ಮನೆಯವರು ಈಗಲೂ ಬೇಸರ ಮಾಡಿಕೊಳ್ಳುತ್ತಾರೆ. ಈ ಸಲ ಅಕ್ಕನನ್ನು ಕರೆದುಕೊಂಡು ಹೋಗಬೇಕು. ಅವಳಿಗೆ ಎಪ್ಪತ್ತೆರಡು ವರ್ಷ, ಮಂಡಿ ನೋವು. ಬೌದ್ಧರ ಜಾಗಗಳನ್ನು ಬಿಟ್ಟು ನಮ್ಮ ದೇವಸ್ಥಾನಗಳನ್ನಷ್ಟೇ ನೋಡಿದರೆ ಆಗಲ್ವಾ? ಗೈಡ್ ಬೇಕೇ ಬೇಕಾ?"

ನಮಸ್ಕಾರ ಮೇಡಂ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನೂ ಮೊದಲ ಸಲ ಅಲ್ಲಿಗೆ ಹೋದಾಗ ಹೀಗೇ ಆಗಿತ್ತು. ಬಣ್ಣದ ಕೊಡೆ ಎತ್ತಿ ಹಿಡಿದ ಗೈಡ್ ಮುಂದೆ, ನಾವು ಮೂವತ್ತು ಜನ ಹಿಂದೆ. ಸಂಜೆ ಹೋಟೆಲಿಗೆ ಬಂದು ಫೋಟೊ ನೋಡಿದರೆ ಯಾವ ಗುಡಿ ಎಲ್ಲಿಯದು ಅಂತಲೇ ಗೊತ್ತಾಗಲಿಲ್ಲ. ಹಾಗಾಗಿ ಎರಡನೇ ಸಲ ಕಠ್ಮಂಡುವಿಗೆ ಅಂಟಿಕೊಂಡಿರುವ ಪಾಟನ್ ಊರಿನವರೇ ಆದ, ಪರವಾನಗಿ ಕಾರ್ಡ್ ಇರುವ ಒಬ್ಬ ನೇವಾರ್ ಗೈಡ್‌ನನ್ನು ಇಡೀ ದಿನಕ್ಕೆ ಗೊತ್ತು ಮಾಡಿಕೊಂಡೆ. ನೇವಾರರು ಅಂದರೆ ಕಠ್ಮಂಡು ಕಣಿವೆಯ ಮೂಲ ನಿವಾಸಿಗಳು. ಅಲ್ಲಿಯ ಗುಡಿ, ಮರದ ಕೆತ್ತನೆ, ಕಂಚಿನ ಮೂರ್ತಿ ಎಲ್ಲ ಅವರ ಕೈಯಿಂದಲೇ ಬಂದವು. ನಾನು ಈಗ ಹೇಳುವುದರಲ್ಲಿ ಮುಕ್ಕಾಲು ಪಾಲು ಅವರಿಂದ ಕಲಿತದ್ದು.

ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ದಯವಿಟ್ಟು ಬೌದ್ಧರ ಜಾಗಗಳನ್ನು ಬಿಡಬೇಡಿ. ಬಿಡಬೇಕು ಅಂದುಕೊಂಡರೂ ಆ ಊರಿನಲ್ಲಿ ಅದು ಆಗುವ ಕೆಲಸವಲ್ಲ. ಅಲ್ಲಿ ಶಿವ, ಬುದ್ಧ ಬೇರೆ ಬೇರೆ ಬೀದಿಯಲ್ಲಿಲ್ಲ. ಎಷ್ಟೋ ಕಡೆ ಒಂದೇ ಗುಡಿಯಲ್ಲಿ ಇದ್ದಾರೆ.

ನಮ್ಮ ಗೈಡ್ ತಮ್ಮ ತಾಯಿಯ ವಿಷಯ ಹೇಳಿದರು. ದಿನಾ ಬೆಳಗ್ಗೆ ಅವರು ತಟ್ಟೆಯಲ್ಲಿ ಹೂವು, ಅಕ್ಕಿ, ಕುಂಕುಮ, ದೀಪ ಇಟ್ಟುಕೊಂಡು ಹೊರಡುತ್ತಾರಂತೆ. ಮೊದಲು ಬೀದಿ ಮೂಲೆಯ ಗಣೇಶನಿಗೆ. ಆಮೇಲೆ ಬಹಾಲ್‌ನ ಬುದ್ಧನಿಗೆ. ಬಹಾಲ್ ಅಂದರೆ ಅವರ ಹಳೇ ವಿಹಾರ, ನಡುವೆ ಅಂಗಳ ಇರುವ ತೊಟ್ಟಿಮನೆಯ ಹಾಗೆ. ಅಲ್ಲಿಂದ ಭೈರವನಿಗೆ, ಬಾವಿ ಪಕ್ಕದ ನಾಗನಿಗೆ. ಒಂದೇ ತಟ್ಟೆ. ಅವರ ಮನೆಗೆ ಪೂಜೆ ಮಾಡಿಸಲು ಬರುವವರು ವಜ್ರಾಚಾರ್ಯರು, ಅಂದರೆ ಬೌದ್ಧ ಪುರೋಹಿತರು. ಪಕ್ಕದ ಮನೆಗೆ ಬ್ರಾಹ್ಮಣರು ಬರುತ್ತಾರೆ. ಅಷ್ಟೇ ವ್ಯತ್ಯಾಸ ಅಂದರು. ಬ್ರಾಹ್ಮಣರನ್ನು ಕರೆಯುವವರು ಶಿವಮಾರ್ಗಿ, ವಜ್ರಾಚಾರ್ಯರನ್ನು ಕರೆಯುವವರು ಬುದ್ಧಮಾರ್ಗಿ. ಜಾತ್ರೆಗೆ ಎಲ್ಲರೂ ಒಟ್ಟಿಗೆ ತೇರಿನ ಹಗ್ಗ ಹಿಡಿಯುತ್ತಾರೆ.

ಕುಮಾರಿಯ ಬಗ್ಗೆ ನೀವು ಕೇಳಿರುತ್ತೀರಿ. ಕಠ್ಮಂಡು ಅರಮನೆ ಚೌಕದ ಮನೆಯಲ್ಲಿ ದೇವಿ ಅಂತ ಪೂಜೆಗೊಳ್ಳುವ ಪುಟ್ಟ ಹುಡುಗಿ. ಅವಳನ್ನು ಆರಿಸುವುದು ಶಾಕ್ಯ ಮನೆತನದಿಂದ, ಅಂದರೆ ಬೌದ್ಧ ಮನೆತನದಿಂದ. ಪೂಜೆಗೊಳ್ಳುವುದು ರಾಜರ ಕುಲದೇವಿ ತಲೇಜು ಭವಾನಿಯಾಗಿ. ಅವಳ ಕಾಲಿಗೆ ಹಿಂದೂ ರಾಜರು ನಮಸ್ಕಾರ ಮಾಡುತ್ತಿದ್ದರು.

ನಿಮ್ಮ ಮನೆಯವರ ಬೇಸರವೂ ನನಗೆ ಅರ್ಥವಾಗುತ್ತದೆ. ಅಷ್ಟು ದೂರ ಹೋಗಿ ಪಶುಪತಿನಾಥನ ಮುಂದೆ ನೆಮ್ಮದಿಯಾಗಿ ನಿಲ್ಲಲು ಆಗಲಿಲ್ಲ ಅಂದರೆ ಯಾರಿಗಾದರೂ ಸಂಕಟವೇ. ಆದರೆ ತಪ್ಪು ಸ್ತೂಪದ್ದಲ್ಲ, ಆರು ಜಾಗಗಳ ಪಟ್ಟಿಯದ್ದು. ಹಾಗಾಗಿ ಈ ಸಲ ಮೂರೇ ಜಾಗ ಇಟ್ಟುಕೊಳ್ಳಿ. ಬೆಳಗಿನ ಜಾವ ಪಶುಪತಿ. ಹಗಲು ಪಾಟನ್. ಸಂಜೆ ಬೌದ್ಧನಾಥ ಸ್ತೂಪ.

ಪಶುಪತಿಗೆ ಸೂರ್ಯ ಹುಟ್ಟುವ ಮುಂಚೆಯೇ ಹೋಗಿ. ದೇವಸ್ಥಾನ ನಸುಕಿನಲ್ಲೇ ತೆರೆಯುತ್ತದೆ. ಶನಿವಾರ ಬೇಡ, ಅಲ್ಲಿ ಶನಿವಾರವೇ ವಾರದ ರಜೆ. ಸೋಮವಾರವೂ ಜನ ಜಾಸ್ತಿ. ಚರ್ಮದ ಬೆಲ್ಟು, ಪರ್ಸು ಒಳಗೆ ಬಿಡುವುದಿಲ್ಲ, ರೂಮಿನಲ್ಲೇ ಬಿಟ್ಟು ಹೋಗಿ. ಫೋಟೊ ತೆಗೆಯುವ ಹಾಗಿಲ್ಲ. ಚಿನ್ನದ ಲೇಪದ ಎರಡು ಅಂತಸ್ತಿನ ಚಾವಣಿ, ನಾಲ್ಕೂ ಕಡೆ ಬೆಳ್ಳಿಯ ಬಾಗಿಲು, ಪಶ್ಚಿಮಕ್ಕೆ ಭಾರಿ ನಂದಿ. ಒಳಗಿನ ಲಿಂಗಕ್ಕೆ ನಾಲ್ಕು ಮುಖ. ಪೂರ್ವಕ್ಕೆ ತತ್ಪುರುಷ, ದಕ್ಷಿಣಕ್ಕೆ ಅಘೋರ, ಪಶ್ಚಿಮಕ್ಕೆ ಸದ್ಯೋಜಾತ, ಉತ್ತರಕ್ಕೆ ವಾಮದೇವ. ಐದನೆಯದು ಮೇಲೆ, ಈಶಾನ. ಅದಕ್ಕೆ ರೂಪವಿಲ್ಲ. ಒಂದೇ ಬಾಗಿಲಲ್ಲಿ ನೋಡಿ ಹೊರಟುಬಿಟ್ಟರೆ ನೀವು ಒಂದೇ ಮುಖ ನೋಡಿದಂತೆ. ಅಕ್ಕನನ್ನು ನಿಧಾನವಾಗಿ ಸುತ್ತು ಹಾಕಿಸಿ.

ಅಲ್ಲಿ ಪೂಜೆ ಮಾಡುವ ಭಟ್ಟರನ್ನು ನೋಡಿದಿರಾ? ನಿಮ್ಮ ಗೈಡ್ ಅವರ ಬಗ್ಗೆ ಹೇಳಿದ್ದರೆ ನೀವು ಪತ್ರದಲ್ಲಿ ಬರೆಯದೆ ಇರುತ್ತಿರಲಿಲ್ಲ. ಅವರು ನಮ್ಮ ಕಡೆಯವರು! ಪಶುಪತಿನಾಥನ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರ ಇರುವುದು ದಕ್ಷಿಣ ಭಾರತದಿಂದ ಹೋದ ಭಟ್ಟರಿಗೆ ಮಾತ್ರ. ಅವರಲ್ಲಿ ಹೆಚ್ಚಿನವರು ಕರ್ನಾಟಕದವರು, ಕರಾವಳಿ ಮಲೆನಾಡು ಕಡೆಯವರು. ಪೂಜೆಗೆ ನೆರವಾಗುವ, ಭಂಡಾರ ನೋಡಿಕೊಳ್ಳುವ ರಾಜಭಂಡಾರಿಗಳು ಅಲ್ಲಿಯ ಮನೆತನದವರು. ಶಂಕರಾಚಾರ್ಯರ ಕಾಲದಿಂದ ಹೀಗೆ ನಡೆದು ಬಂದಿದೆ ಅಂತ ನಂಬಿಕೆ. ಇನ್ನೊಂದು ಕಾರಣವನ್ನೂ ಹೇಳುತ್ತಾರೆ. ರಾಜ ತೀರಿಕೊಂಡರೆ ದೇಶಕ್ಕೆಲ್ಲ ಸೂತಕ. ಆಗಲೂ ದೇವರ ಪೂಜೆ ನಿಲ್ಲಬಾರದು. ಸೂತಕ ತಟ್ಟದ ಹೊರಗಿನವರು ಬೇಕು. 2008ರಲ್ಲಿ ರಾಜರ ಆಳ್ವಿಕೆಯೇ ಹೋಯಿತು. ಆ ವರ್ಷದ ಕೊನೆಗೆ ಸರ್ಕಾರ ನೇಪಾಳದ ಅರ್ಚಕರನ್ನೇ ನೇಮಿಸಲು ಹೋಗಿ ದೊಡ್ಡ ಗಲಾಟೆಯಾಗಿ, ಆ ನೇಮಕ ನಿಂತುಹೋಯಿತು. ಹಳೆಯ ಪದ್ಧತಿಯೇ ಉಳಿಯಿತು. ನಾನು ಹೋದ ದಿನ ಕೈಮುಗಿದು ಕನ್ನಡದಲ್ಲಿ ನಮಸ್ಕಾರ ಅಂದೆ. "ಊರು ಎಲ್ಲಾಯ್ತು ನಿಮ್ಮದು?" ಅಂತ ಕೇಳಿದರು. ಬಾಗ್ಮತಿ ನದಿಯ ದಡದಲ್ಲಿ, ಅಷ್ಟು ಚಳಿಯಲ್ಲಿ, ಆ ಒಂದು ಮಾತಿಗೆ ನನ್ನ ಕಣ್ಣು ತುಂಬಿತು.

ಇದೇ ಪಶುಪತಿನಾಥನಿಗೆ ಕಾರ್ತಿಕ ಮಾಸದಲ್ಲಿ ಒಂದು ದಿನ ಬುದ್ಧನ ಕಿರೀಟ ತೊಡಿಸುತ್ತಾರೆ. ಅವತ್ತು ನೇವಾರ್ ಬೌದ್ಧರು ಬಂದು ಪೂಜೆ ಮಾಡುತ್ತಾರೆ. ಇದನ್ನು ನಿಮ್ಮ ಮನೆಯವರಿಗೆ ಹೇಳಿ.

ದೇವಸ್ಥಾನದ ಬೆನ್ನಿಗೇ ನದಿ, ಆರ್ಯಘಾಟ್. ಚಿತೆಗಳು ಉರಿಯುತ್ತಿರುತ್ತವೆ. ಆಚೆ ದಡದಲ್ಲಿ ನಿಂತು ಎಷ್ಟೋ ಜನ ಫೋನ್ ಎತ್ತಿ ಹಿಡಿದಿರುತ್ತಾರೆ. ನನಗೆ ಅದನ್ನು ನೋಡಿದರೆ ತುಂಬಾ ನೋವಾಗುತ್ತದೆ. ಅಲ್ಲಿ ಅಳುತ್ತಿರುವುದು ಯಾರದೋ ಮಗ, ಯಾರದೋ ಮಗಳು. ನಿಮ್ಮ ಗುಂಪಿನಲ್ಲಿ ಯಾರಾದರೂ ಹಾಗೆ ಮಾಡಿದರೆ ಬೇಡ ಅನ್ನಿ. ಟೀಚರ್ ಹೇಳಿದರೆ ಕೇಳುತ್ತಾರೆ.

ನದಿಯಾಚೆ ಸ್ವಲ್ಪ ದೂರದಲ್ಲಿ ಗುಹ್ಯೇಶ್ವರಿ ಇದೆ. ನಮಗೆ ಅದು ಶಕ್ತಿಪೀಠ. ಬೌದ್ಧರಿಗೆ ಬೇರೊಂದು ಕಥೆಯಿದೆ. ಹಿಂದೆ ಈ ಕಣಿವೆ ಪೂರ್ತಿ ಸರೋವರವಾಗಿತ್ತಂತೆ. ಅದರಲ್ಲಿ ಒಂದು ಕಮಲ, ಕಮಲದ ಮೇಲೆ ತಾನಾಗಿ ಹುಟ್ಟಿದ ಬೆಳಕು. ಬೌದ್ಧರ ಜ್ಞಾನದ ದೇವರು ಮಂಜುಶ್ರೀ ಬಂದು ಚೋಭಾರ್ ಎಂಬಲ್ಲಿ ಕತ್ತಿಯಿಂದ ಬೆಟ್ಟ ಸೀಳಿ ನೀರು ಹರಿಸಿದ. ಕಮಲ ಇದ್ದ ಜಾಗವೇ ಸ್ವಯಂಭು ಸ್ತೂಪದ ಗುಡ್ಡ. ಆ ಕಮಲದ ಬೇರು ಇರುವುದು ಗುಹ್ಯೇಶ್ವರಿಯಲ್ಲಿ. ಕಣಿವೆ ಒಂದು ಕಾಲಕ್ಕೆ ನಿಜವಾಗಿಯೂ ಕೆರೆಯಾಗಿತ್ತು ಅಂತ ಭೂವಿಜ್ಞಾನಿಗಳೂ ಹೇಳುತ್ತಾರೆ. ಬೇರು ದೇವಿಯ ಗುಡಿಯಲ್ಲಿ, ಹೂವು ಬುದ್ಧನ ಗುಡ್ಡದಲ್ಲಿ. ಇದನ್ನು ಕೇಳಿದ ಮೇಲೆ ನಾನು ಆ ಊರನ್ನು ಎರಡು ಭಾಗ ಮಾಡಿ ನೋಡುವುದನ್ನು ಬಿಟ್ಟೆ.

ಸ್ವಯಂಭುವನ್ನು ಮಾತ್ರ ಅಕ್ಕನಿಗಾಗಿ ನಾನು ಬಿಟ್ಟಿದ್ದೇನೆ. ಪೂರ್ವದ ಕಡೆಯಿಂದ 365 ಮೆಟ್ಟಿಲು, ಕಡಿದಾಗಿವೆ, ಮಂಗಗಳ ಕಾಟ ಬೇರೆ. ಹಿಂಬದಿಯಿಂದ ಗಾಡಿ ಮೇಲಿನವರೆಗೆ ಹೋಗುತ್ತದೆ, ಆದರೂ ಒಂದಿಷ್ಟು ಹತ್ತಲೇಬೇಕು. ಇನ್ನೊಂದು ದಿನ ಉಳಿಯುವುದಾದರೆ ನೋಡಿ. ಸ್ತೂಪದ ಪಕ್ಕದಲ್ಲೇ ಹಾರತಿಯ ಗುಡಿ ಇದೆ. ಸಿಡುಬಿನ ದೇವತೆ, ಮಕ್ಕಳನ್ನು ಕಾಯುವವಳು. ನಮ್ಮ ಮಾರಮ್ಮನ ಮುಂದೆ ಕೂಸು ಎತ್ತಿಕೊಂಡು ನಿಂತ ತಾಯಂದಿರ ಹಾಗೇ ಅಲ್ಲಿಯೂ ತಾಯಂದಿರು ನಿಂತಿರುತ್ತಾರೆ.

ಪಾಟನ್ ಸಮತಟ್ಟು, ನಡೆಯುವುದು ಸುಲಭ. ಅರಮನೆ ಚೌಕದಲ್ಲಿ ಕಲ್ಲಿನ ಕೃಷ್ಣ ಮಂದಿರ ಇದೆ. ಸಿದ್ಧಿನರಸಿಂಹ ಮಲ್ಲ ಎಂಬ ರಾಜ 1637ರಲ್ಲಿ ಕಟ್ಟಿಸಿದ್ದು. ಕತ್ತೆತ್ತಿ ನೋಡಿದರೆ ಕಲ್ಲಿನ ಪಟ್ಟಿಯಲ್ಲಿ ಮಹಾಭಾರತ, ಅದರ ಮೇಲಿನ ಅಂತಸ್ತಿನಲ್ಲಿ ರಾಮಾಯಣ. ಇಲ್ಲಿ ಗೈಡ್ ಇಲ್ಲದಿದ್ದರೆ ಸುಮ್ನೆ ಗೋಪುರ ನೋಡಿ ಮುಂದೆ ಹೋಗುತ್ತೀರಿ. ಅಲ್ಲಿಂದ ಐದು ನಿಮಿಷ ನಡೆದರೆ ಚಿನ್ನದ ಗುಡಿ, ಹಿರಣ್ಯವರ್ಣ ಮಹಾವಿಹಾರ. ಅಂಗಳದಲ್ಲಿ ಆಮೆಗಳು ಓಡಾಡಿಕೊಂಡಿರುತ್ತವೆ. ಇಲ್ಲಿಯ ಬುದ್ಧನಿಗೆ ಪೂಜೆ ಮಾಡುವುದು ಹನ್ನೆರಡು ವರ್ಷದೊಳಗಿನ ಒಬ್ಬ ಹುಡುಗ, ಮೂವತ್ತು ದಿನದ ಸರದಿ. ನೀವು ಎಷ್ಟೋ ಹುಡುಗರಿಗೆ ಪಾಠ ಹೇಳಿದವರು. ಆ ವಯಸ್ಸಿನವನೊಬ್ಬ ಅಷ್ಟು ಶ್ರದ್ಧೆಯಿಂದ ದೀಪ ಹಿಡಿದಿರುವುದನ್ನು ನೋಡಿದರೆ ನಿಮಗೆ ಅಲ್ಲಿಂದ ಎದ್ದು ಬರಲು ಮನಸ್ಸಾಗದು.

ಪಾಟನ್‌ನಲ್ಲೇ ಕೆಂಪು ಮತ್ಸ್ಯೇಂದ್ರನಾಥನ ಗುಡಿ ಇದೆ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೇಳಬೇಕು. ಹನ್ನೆರಡು ವರ್ಷ ಬರ ಬಂದಾಗ ಈ ದೇವರನ್ನು ಕಾಮರೂಪದಿಂದ, ಅಂದರೆ ಅಸ್ಸಾಂ ಕಡೆಯಿಂದ, ತಂದರು ಅಂತ ಕಥೆ. ಮಳೆ ಕೊಡುವ ದೇವರು. ಮಳೆಗಾಲಕ್ಕೆ ಮುಂಚೆ ಅರವತ್ತು ಅಡಿ ಸುಮಾರಿನ ತೇರಿನಲ್ಲಿ ಮೆರವಣಿಗೆ. ಹಿಂದೂಗಳು ಅವನನ್ನು ಶಿವನನ್ನು ಪೂಜಿಸುವ ಜೋಗಿಗಳ ನಾಥಪಂಥದ ಗುರು ಮತ್ಸ್ಯೇಂದ್ರನಾಥ ಅನ್ನುತ್ತಾರೆ. ಬೌದ್ಧರು ಕರುಣಾಮಯ, ಲೋಕೇಶ್ವರ ಅನ್ನುತ್ತಾರೆ, ಅಂದರೆ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರ. ಮೂರ್ತಿ ಒಂದೇ.

ಲೋಕೇಶ್ವರ ಎಂಬ ಹೆಸರನ್ನು ನಮ್ಮ ಮಂಗಳೂರಿನಲ್ಲೂ ಕೇಳಬಹುದು, ಅಲ್ವಾ? ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಮೂರು ಮುಖ, ಆರು ಕೈಗಳ ಕಂಚಿನ ಲೋಕೇಶ್ವರ ಮೂರ್ತಿ ಇದೆ. ಆಳುಪ ರಾಜ ಕುಂದವರ್ಮ ಅದನ್ನು ಕ್ರಿ.ಶ. 968ರಲ್ಲಿ ಕದರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿದ ಅಂತ ಪೀಠದ ಮೇಲೆ ಶಾಸನವಿದೆ. ವಿಹಾರ ಎಂಬ ಮಾತನ್ನು ಗಮನಿಸಿ. ಅದೇ ದೇವಸ್ಥಾನದಲ್ಲಿ ಮತ್ಸ್ಯೇಂದ್ರನಾಥನ ಮೂರ್ತಿಯೂ ಇದೆ, ಮೇಲೆ ಗುಡ್ಡದಲ್ಲಿ ಜೋಗಿಗಳ ಮಠ ಇದೆ. ಪಾಟನ್‌ನಲ್ಲಿ ಒಂದೇ ಮೂರ್ತಿಗೆ ಇರುವ ಎರಡು ಹೆಸರು ಕದ್ರಿಯಲ್ಲಿ ಒಂದೇ ದೇವಸ್ಥಾನದಲ್ಲಿ ಎರಡು ಮೂರ್ತಿಗಳಾಗಿವೆ. ಸಾವಿರ ವರ್ಷದಿಂದ ನಾವು ಲೋಕೇಶ್ವರನಿಗೆ ಕೈಮುಗಿಯುತ್ತಿದ್ದೇವೆ. ಹಾಗಿರುವಾಗ "ನಮ್ಮ ದೇವಸ್ಥಾನ", "ಅವರ ಜಾಗ" ಅಂತ ಗೆರೆ ಎಳೆಯುವುದು ಎಲ್ಲಿ?

ಸಂಜೆ ಐದರ ಹೊತ್ತಿಗೆ ಬೌದ್ಧನಾಥಕ್ಕೆ ಬನ್ನಿ. ಸುಮಾರು 36 ಮೀಟರ್ ಎತ್ತರದ ಬಿಳಿ ಗುಮ್ಮಟ. ಮೇಲೆ ನಾಲ್ಕು ದಿಕ್ಕಿಗೂ ಕಣ್ಣು. ಕಣ್ಣುಗಳ ನಡುವೆ ಮೂಗಿನ ಹಾಗೆ ಕಾಣುವುದು ನೇಪಾಳಿ ಅಂಕಿ ಒಂದು. ಅದರ ಮೇಲೆ ಹದಿಮೂರು ಮೆಟ್ಟಿಲು, ಜ್ಞಾನೋದಯದವರೆಗಿನ ಹದಿಮೂರು ಹಂತ. ಕೋಳಿ ಸಾಕುವ ಬಡ ಹೆಂಗಸೊಬ್ಬಳು ಇದನ್ನು ಕಟ್ಟಿಸಿದಳು ಅಂತ ಟಿಬೆಟ್ಟಿನವರ ಕಥೆ. ಒಂದು ಚರ್ಮದಷ್ಟು ಜಾಗ ಕೊಡಿ ಅಂದಳು, ರಾಜ ಆಗಲಿ ಅಂದ. ಅವಳು ಚರ್ಮವನ್ನು ಸಣ್ಣ ಎಳೆಯಾಗಿ ಸೀಳಿ, ಇಷ್ಟಗಲಕ್ಕೆ ಸುತ್ತು ಹಾಕಿದಳು. ಕೊಟ್ಟ ಮಾತು ಕೊಟ್ಟದ್ದೇ ಅಂದ ರಾಜ. ಟಿಬೆಟ್ಟಿನ ಲಾಸಾಕ್ಕೆ ಹೋಗುವ ವ್ಯಾಪಾರಿಗಳು ಹಿಮಾಲಯ ದಾಟುವ ಮುಂಚೆ ಇಲ್ಲಿ ಬೇಡಿಕೊಂಡು ಹೊರಡುತ್ತಿದ್ದರು. 1959ರ ನಂತರ ಬಂದ ಟಿಬೆಟ್ ನಿರಾಶ್ರಿತರು ಸುತ್ತಲೇ ನೆಲೆಸಿದರು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಶಿಖರ ಬಿರುಕು ಬಿಟ್ಟಿತು. ಅದನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿ 2016ರ ನವೆಂಬರ್‌ನಲ್ಲಿ ಮತ್ತೆ ತೆರೆದರು.

ಇಲ್ಲಿ ಗೈಡ್‌ಗೆ ಮಾತು ನಿಲ್ಲಿಸಲು ಹೇಳಿ. ಅಕ್ಕನಿಗೆ ಆದಷ್ಟು ಪ್ರದಕ್ಷಿಣೆ ಹಾಕಿಸಿ, ನಮ್ಮ ಹಾಗೇ, ಸ್ತೂಪ ಬಲಗೈ ಕಡೆ ಇರುವಂತೆ. ಗೋಡೆಯ ಉದ್ದಕ್ಕೂ ಮಂತ್ರ ಬರೆದ ಮಣಿಚಕ್ರಗಳಿವೆ, ತಿರುಗಿಸುತ್ತಾ ನಡೆಯಬಹುದು. ಸಾಕಾದರೆ ಸುತ್ತಲಿನ ಕಟ್ಟೆಯಲ್ಲಿ ಕೂತುಕೊಳ್ಳಿ. ಕತ್ತಲಾಗುತ್ತಿದ್ದಂತೆ ತುಪ್ಪದ ದೀಪ ಹಚ್ಚುತ್ತಾರೆ. ನೀವೂ ಒಂದು ಹಚ್ಚಿ.

ಈಗ ಗೈಡ್ ಬೇಕಾ ಅನ್ನುವ ಪ್ರಶ್ನೆ. ಬೇಕು. ಆದರೆ ಬಸ್ಸಿನ ಜೊತೆ ಬರುವವರನ್ನಲ್ಲ. ಹಿಂದಿ ಬರುವ, ಕಾರ್ಡ್ ಇರುವ ಸ್ಥಳೀಯರನ್ನು ನಿಮ್ಮಿಬ್ಬರಿಗೇ ಅಂತ ಗೊತ್ತು ಮಾಡಿ. ದೇವಸ್ಥಾನದ ಬಾಗಿಲಲ್ಲಿ ತಾವಾಗಿ ಬಂದು ಜೊತೆ ನಡೆಯುವವರಿಗೆ ಮೊದಲೇ ನಯವಾಗಿ ಬೇಡ ಅನ್ನಿ. ಮೂರೇ ಜಾಗ ಅಂತ ಮುಂಚೆಯೇ ಹೇಳಿಬಿಡಿ, ಇನ್ನೊಂದು ಸೇರಿಸೋಣ ಅಂದರೆ ಒಪ್ಪಬೇಡಿ. ಟಿಕೆಟ್ ಇರುವ ಕಡೆ ಭಾರತವೂ ಸೇರಿದ ಸಾರ್ಕ್ ದೇಶಗಳವರಿಗೆ ಬೇರೆ ದರ ಇರುತ್ತದೆ, ಕೇಳಿ ತಗೊಳ್ಳಿ. ವೀಸಾ ಬೇಡ. ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇಟ್ಟುಕೊಳ್ಳಿ. ಗಡಿಯಾರವನ್ನು ಹದಿನೈದು ನಿಮಿಷ ಮುಂದಿಡಿ.

ಹೊರಡುವ ಮುಂಚೆ ಆದರೆ ಅಕ್ಕನನ್ನು ಒಮ್ಮೆ ಕದ್ರಿಗೆ ಕರೆದುಕೊಂಡು ಹೋಗಿ. ಕಠ್ಮಂಡುವಿಗೆ ಹೋಲಿಸಿದರೆ ಅದೇನು ದೂರವಲ್ಲ. ಲೋಕೇಶ್ವರನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಆ ಮೂರ್ತಿಯ ಚಿತ್ರ ಪುಸ್ತಕಗಳಲ್ಲಿ ಸಿಗುತ್ತದೆ, ಒಂದನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಪಾಟನ್‌ನಲ್ಲಿ ಕೆಂಪು ಮತ್ಸ್ಯೇಂದ್ರನಾಥನ ಗುಡಿ ಮುಂದೆ ಅದನ್ನು ನಿಮ್ಮ ಗೈಡ್‌ಗೆ ತೋರಿಸಿ, ಇದು ನಮ್ಮೂರಿನದು ಅನ್ನಿ. ಅವರು ಏನಂದರು ಅಂತ ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.

– ಸಂಪಾದಕ